ತಮ್ಮನ ಮೇಲೆ ಕೇಸಾಗಿದೆ, ಜಮೀನು ಕೇಸಿನ ವಕೀಲರೇ ಸಾಕಾ, ಬೇರೆಯವರು ಬೇಕಾ?

ಬೆಟ್ಟದಂಚು (ಶಿರಸಿ):

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ತಾಲ್ಲೂಕು, ಅಡಿಕೆ ತೋಟದವರು. ಪಕ್ಕದ ತೋಟದವರ ಜೊತೆ ಸೊಪ್ಪಿನ ಬೆಟ್ಟದ ಗಡಿ ತಕರಾರು ಅಜ್ಜನ ಕಾಲದ್ದು. ಹೋದ ವಾರ ಅವರು ಹಳೇ ಅಗಳ (ಗಡಿಯ ಕಂದಕ) ಮುಚ್ಚಿ ಹೊಸ ಬೇಲಿ ಹಾಕಲು ಬಂದರು. ಅಪ್ಪಯ್ಯ ತಡೆಯಲು ಹೋದರು, ಮಾತಿಗೆ ಮಾತು ಬೆಳೆದು ನೂಕಾಟ ಆಯಿತು. ಗಲಾಟೆ ಕೇಳಿ ತಮ್ಮ ತೋಟದಿಂದ ಓಡಿ ಬಂದ. ಸೊಂಟದ ಕೊಕ್ಕೆಯಲ್ಲಿ ಕತ್ತಿ ಇತ್ತು. ನಮ್ಮ ಕಡೆ ತೋಟಕ್ಕೆ ಹೋದವರ ಸೊಂಟದಲ್ಲಿ ಅದು ಇದ್ದೇ ಇರುತ್ತದೆ, ಗೊತ್ತಲ್ವಾ. ಅದನ್ನು ಅವನು ಕೈಗೆ ತೆಗೆದುಕೊಳ್ಳಲೇ ಇಲ್ಲ. ಆ ಮನೆಯ ಹುಡುಗ ಧರೆಯಿಂದ (ಎತ್ತರದ ಮಣ್ಣಿನ ದಿಬ್ಬದಿಂದ) ಕೆಳಗೆ ಬಿದ್ದು ಕೈಗೆ ಪೆಟ್ಟು ಮಾಡಿಕೊಂಡ. ತಮ್ಮನ ಹುಬ್ಬಿನ ಹತ್ತಿರವೂ ಕೋಲಿನ ಏಟು ಬಿದ್ದಿದೆ, ಆಯಿ ಅರಿಶಿನ ಹಚ್ಚಿದರು ಅಷ್ಟೇ, ಆಸ್ಪತ್ರೆಗೆ ಹೋಗಲಿಲ್ಲ.

ಈಗ ಎಫ್‌ಐಆರ್ ಆಗಿದೆ. ಅಪ್ಪಯ್ಯ ಎ-1, ತಮ್ಮ ಎ-2. "ಕತ್ತಿಯ ಬೆನ್ನಿನಿಂದ ಹೊಡೆದು ಗಾಯಪಡಿಸಿ ಜೀವ ಬೆದರಿಕೆ ಹಾಕಿದ್ದಾರೆ" ಅಂತ ಬರೆಸಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 118(1), 115(2) (ಗಾಯಪಡಿಸುವುದು), 352 (ಅವಮಾನ), 351(2) (ಬೆದರಿಕೆ), ಜೊತೆಗೆ 3(5), ಅಂದರೆ ಎಲ್ಲರೂ ಒಂದೇ ಉದ್ದೇಶದಿಂದ ಮಾಡಿದ್ದು ಅಂತ. ಠಾಣೆಯಿಂದ ನಾಗರಿಕ ಸುರಕ್ಷಾ ಸಂಹಿತೆಯ 35(3) ನೋಟಿಸ್ ಬಂದಿದೆ, ವಿಚಾರಣೆಗೆ ಹಾಜರಾಗಬೇಕಂತೆ.

ಮನೆಯಲ್ಲಿ ಎರಡು ಪಂಗಡ. ದೊಡ್ಡಪ್ಪ ಹೇಳುವುದು, "ನಮ್ಮದೇನೂ ತಪ್ಪಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿ ಸಹಿ ಹಾಕಿ ಬರಲಿ, ಈಗಲೇ ಕ್ರಿಮಿನಲ್ ವಕೀಲರನ್ನು ಹಿಡಿದರೆ ತಪ್ಪು ಮಾಡಿದವರೇ ಅಂತ ಊರು ತಿಳಿಯುತ್ತದೆ." ಬೇಕೇ ಬೇಕಾದರೆ ನಮ್ಮ ಜಮೀನಿನ ಕೇಸು ನೋಡುವ ವಕೀಲರಿದ್ದಾರೆ, ಅವರೇ ಸಾಕು ಅನ್ನುತ್ತಾರೆ. ಭಾವ ಹೇಳುವುದು, ಧಾರವಾಡದಿಂದ ದೊಡ್ಡ ವಕೀಲರನ್ನೇ ಕರೆಸೋಣ ಅಂತ. ತಮ್ಮ ಕೈಗಾದಲ್ಲಿ ಗುತ್ತಿಗೆದಾರರ ಕೆಳಗೆ ಕೆಲಸಕ್ಕೆ ಸೇರುವವನಿದ್ದ, ಅದಕ್ಕೇ ಜಾಸ್ತಿ ಚಿಂತೆ. ಗೊತ್ತಿದ್ದವರು ಹೇಳಿ.

ಗಂಗಾವಳಿ ದಡ (ಅಂಕೋಲಾ):

ಮಾರಾಯ್ರೆ, ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಬೇಲಿ ಜಗಳ ಇಲ್ಲದ ಊರು ಯಾವುದಿದೆ. ನನ್ನ ಮೇಲೂ ಇಂಥದ್ದೇ ಒಂದಿತ್ತು. ಒಂದಷ್ಟು ತಾರೀಖಿಗೆ ಅಲೆದೆ, ಪ್ರತಿ ತಾರೀಖಿಗೂ ವಕೀಲರಿಗೆ ಕೊಡುವುದು, ಸಾಕ್ಷಿ ಬರುವುದಿಲ್ಲ, ಮತ್ತೆ ತಾರೀಖು. ಕೊನೆಗೆ ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಮಧ್ಯಾಹ್ನದ ಬಸ್ಸಿಗೆ ಮನೆಗೆ ಬಂದೆ. ಯಾವ ದೊಡ್ಡ ವಕೀಲರೂ ಬೇಡ. ದುಡ್ಡು ಜಾಸ್ತಿ ಇದ್ದರೆ ಆ ಬೇಲಿಗೆ ಹಾಕಿ.

ಕುಮಟಾ ವಕೀಲೆ:

ಬೆಟ್ಟದಂಚು ಅವರೇ, ಮೊದಲು ಒಂದು ವಿನಂತಿ. ಘಟನೆಯ ವಿವರ ಇನ್ನು ಮುಂದೆ ಇಲ್ಲಿ ಬರೆಯಬೇಡಿ, ಬರೆದದ್ದನ್ನೂ ಸಾಧ್ಯವಾದರೆ ಕಡಿಮೆ ಮಾಡಿ. ಎದುರಿನ ಮನೆಯವರೂ ಮೊಬೈಲ್ ಇಟ್ಟುಕೊಂಡಿರುತ್ತಾರೆ. ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಬೇಡ. ವಕೀಲರಿಗೆ ಹೇಳಿದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಅವರು ಹೊರಗೆ ಹೇಳುವಂತಿಲ್ಲ, ಕಾನೂನೇ ಅದನ್ನು ಕಾಯುತ್ತದೆ. ಗ್ರೂಪಿಗೆ ಹಾಕಿದ ಮೆಸೇಜಿಗೆ ಅಂಥ ಕಾವಲಿಲ್ಲ.

ನಿಮ್ಮ ಕೇಸು ಸಣ್ಣದು ಅಂತ ಯಾರಾದರೂ ಹೇಳಿದರೆ, ಎಕ್ಸ್‌ರೇ ನೋಡಿದ್ದೀರಾ ಅಂತ ಕೇಳಿ. ಈಗ ಹಾಕಿರುವ 118(1) ಅಂದರೆ ಅಪಾಯಕಾರಿ ಆಯುಧದಿಂದ ಗಾಯ, 3 ವರ್ಷದವರೆಗೆ ಶಿಕ್ಷೆ. ಆ ಹುಡುಗನ ಮೂಳೆ ಮುರಿದಿದೆ ಅಂತ ಆಸ್ಪತ್ರೆಯ ಗಾಯದ ಪ್ರಮಾಣಪತ್ರ ಬಂದರೆ ಅದು ತೀವ್ರ ಗಾಯ ಆಗುತ್ತದೆ. ಆಯುಧ ಮತ್ತು ತೀವ್ರ ಗಾಯ ಎರಡೂ ಸೇರಿದರೆ 118(2). ಅದರಲ್ಲಿ ಕನಿಷ್ಠ 1 ವರ್ಷ, ಗರಿಷ್ಠ ಜೀವಾವಧಿ. ಮೂಳೆ ಮುರಿದಿಲ್ಲದಿದ್ದರೂ 15 ದಿನ ತೀವ್ರ ನೋವಿತ್ತು, ದಿನನಿತ್ಯದ ಕೆಲಸ ಮಾಡಲಾಗಲಿಲ್ಲ ಅಂದರೂ ತೀವ್ರ ಗಾಯವೇ. ಹಳೇ ಐಪಿಸಿಯಲ್ಲಿ ಇದು 20 ದಿನ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ 15ಕ್ಕೆ ಇಳಿದಿದೆ. ಅಂದರೆ ಕತ್ತಿ ಸೊಂಟದಲ್ಲಿತ್ತು ಎಂಬುದಕ್ಕೂ ಕತ್ತಿಯಿಂದ ಹೊಡೆದ ಎಂಬುದಕ್ಕೂ ನಡುವೆ ವರ್ಷಗಟ್ಟಲೆ ಜೈಲು ಇದೆ. ಇದನ್ನು ಚಾರ್ಜ್‌ಶೀಟ್ ಬಂದ ಮೇಲೆ ನೋಡಿಕೊಳ್ಳೋಣ ಅನ್ನುವವರು ನಿಮಗೆ ಬೇಡ.

ಪಳಗಿದ ಕ್ರಿಮಿನಲ್ ವಕೀಲರು ಈ ಕಾಗದ ಕೈಗೆ ಬಂದ ತಕ್ಷಣ ಏನು ನೋಡುತ್ತಾರೆ ಗೊತ್ತಾ? ಗಾಯಾಳು ಮೊದಲ ಸಲ ಡಾಕ್ಟರ ಹತ್ತಿರ ಹೋದಾಗ ಏನು ಹೇಳಿದ್ದಾನೆ ಅಂತ. "ಬಿದ್ದೆ" ಅಂತ ಬರೆದಿದೆಯಾ, "ಹಲ್ಲೆ" ಅಂತ ಬರೆದಿದೆಯಾ, ಕತ್ತಿಯ ಮಾತು ಆಗಲೇ ಬಂದಿದೆಯಾ ಅಥವಾ ಠಾಣೆಗೆ ಹೋದ ಮೇಲೆ ಬಂದಿದೆಯಾ. ಆಮೇಲೆ ಗಾಯ ಕೈಯ ಯಾವ ಭಾಗದಲ್ಲಿದೆ ಅಂತ. ಅಂಗೈ ಊರಿಕೊಂಡು ಬಿದ್ದಾಗ ಮಣಿಕಟ್ಟಿನ ಹತ್ತಿರ ಮೂಳೆ ಮುರಿಯುವುದು ಡಾಕ್ಟರುಗಳಿಗೆ ಬಹಳ ಪರಿಚಿತ ಗಾಯ. ಪಾಟಿ ಸವಾಲಿನಲ್ಲಿ, ಅಂದರೆ ಎದುರು ಕಡೆಯ ಸಾಕ್ಷಿಯನ್ನು ನಮ್ಮ ವಕೀಲರು ಪ್ರಶ್ನಿಸುವಾಗ, ಡಾಕ್ಟರಿಗೆ ಈ ಪ್ರಶ್ನೆ ಕೇಳಬೇಕು ಅಂತ ಹೊಳೆಯುವುದು, ಅದನ್ನು ಹೇಗೆ ಕೇಳಬೇಕು ಅಂತ ಗೊತ್ತಿರುವುದು, ಅದಕ್ಕೇ ನೀವು ಫೀಸು ಕೊಡುವುದು.

ಇನ್ನು ದೊಡ್ಡಪ್ಪನವರ "ಸಹಿ ಹಾಕಿ ಬರಲಿ" ಮಾತು. ಠಾಣೆಗೆ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನೋಟಿಸಿಗೆ ಹಾಜರಾಗುತ್ತಾ ಇದ್ದರೆ ಸುಮ್ಮನೆ ಬಂಧಿಸುವಂತಿಲ್ಲ, ಬಂಧಿಸಲೇಬೇಕಾದರೆ ಪೊಲೀಸರು ಕಾರಣ ಬರೆದಿಡಬೇಕು. ಹೋಗದೆ ತಪ್ಪಿಸಿಕೊಂಡರೆ ನೀವೇ ಆ ಕಾರಣ ಕೊಟ್ಟ ಹಾಗೆ. ಆದರೆ ವಿಚಾರಣೆಯಲ್ಲಿ ಹೇಳಿದ ಹೇಳಿಕೆಗೆ ಸಹಿ ಹಾಕಬೇಕಿಲ್ಲ. ಹಾಕಿಸಿಕೊಳ್ಳಬಾರದು ಅಂತಲೇ ಕಾನೂನು ಹೇಳುತ್ತದೆ. ಖಾಲಿ ಕಾಗದಕ್ಕಂತೂ ಸಹಿ ಬೇಡವೇ ಬೇಡ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೆ ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಅಂತ ಊರಲ್ಲಿ ಎಲ್ಲರೂ ಧೈರ್ಯ ಹೇಳುತ್ತಾರೆ, ಅದು ಪೂರ್ತಿ ನಿಜ ಅಲ್ಲ. ಕಸ್ಟಡಿಯಲ್ಲಿರುವವನು "ಕತ್ತಿಯನ್ನು ಕೊಟ್ಟಿಗೆ ಮಾಡಿನ ಸಂದಿಯಲ್ಲಿ ಇಟ್ಟಿದ್ದೇನೆ, ತೋರಿಸುತ್ತೇನೆ" ಅಂದು ಅದು ಅಲ್ಲೇ ಸಿಕ್ಕಿದರೆ ಅಷ್ಟು ಭಾಗ ಸಾಕ್ಷ್ಯ ಆಗುತ್ತದೆ. ನಿಮ್ಮ ತಮ್ಮ ಮುಗ್ಧವಾಗಿ "ಹೌದು ಸಾರ್, ಕತ್ತಿ ಇತ್ತು, ಮನೆಯಲ್ಲಿದೆ" ಅನ್ನುತ್ತಾನೆ. ಆ ಮಾತು ಕಾಗದದ ಮೇಲೆ ಯಾವ ರೂಪದಲ್ಲಿ ಇಳಿಯುತ್ತದೆ ಅನ್ನುವುದು ಅವನ ಕೈಯಲ್ಲಿ ಇರುವುದಿಲ್ಲ. ಅದಕ್ಕೇ ಹೋಗುವ ಮೊದಲು ಒಂದು ಗಂಟೆ ವಕೀಲರ ಮುಂದೆ ಕೂರಿಸಿ. ಮನೆಗೆ ಬಂದು ಕತ್ತಿ ಜಪ್ತಿ ಮಾಡಿದರೆ ಅದನ್ನು ವಿಡಿಯೋ ಮಾಡಬೇಕು ಅಂತ ಈಗ ಕಾನೂನಿದೆ. ಪಂಚರು (ಜಪ್ತಿಗೆ ಸಾಕ್ಷಿಯಾಗಿ ನಿಂತವರು) ಯಾರು, ವಿಡಿಯೋ ಆಯಿತಾ, ಎಷ್ಟು ಹೊತ್ತಿಗೆ ಆಯಿತು, ಇದನ್ನೆಲ್ಲ ನೋಡಿಕೊಳ್ಳಿ.

ತಮ್ಮನ ಏಟಿಗೆ ಅರಿಶಿನ ಹಚ್ಚಿ ಬಿಟ್ಟಿರಿ, ಸರಿ. ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ವೈದ್ಯಕೀಯ ದಾಖಲೆ) ಬರೆಸಿ, ನಿಮ್ಮ ಕಡೆಯ ದೂರನ್ನೂ ಕೊಡಿ. ತಡ ಆದಷ್ಟೂ "ಇದು ಆಮೇಲೆ ಹೊಳೆದದ್ದು" ಅಂತ ಎದುರಿನವರು ಹೇಳುತ್ತಾರೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಕಾರವಾರದ ಎಸ್‌ಪಿ ಕಚೇರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. ಒಂದೇ ಗಲಾಟೆಯ ಕೇಸು ಮತ್ತು ಕೌಂಟರ್ ಕೇಸು ಒಬ್ಬರೇ ನ್ಯಾಯಾಧೀಶರ ಮುಂದೆ ನಡೆಯಬೇಕು, ಆಗ ಎರಡೂ ಕಡೆಯ ಗಾಯ ಅವರ ಕಣ್ಣಿಗೆ ಬೀಳುತ್ತದೆ.

ಹಳೇ ಶಿರಸ್ತೇದಾರ (ಕಾರವಾರ):

ನಾನು ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವಕೀಲ ಅಲ್ಲ. ಸಾಕ್ಷಿ ನುಡಿಯುವುದನ್ನು ಬೆರಳಚ್ಚು ಮಾಡಿದವರ ಪಕ್ಕದಲ್ಲಿ ಕೂತು ನೋಡಿದವನ ಮಾತು ಇದು.

ಜಮೀನು ಕೇಸಿನ ವಕೀಲರು ಸಾಕಾ ಅಂತ ಕೇಳಿದಿರಿ. ಅವರು ಬುದ್ಧಿವಂತರೇ ಇರಬಹುದು. ಪಹಣಿ, ಸರ್ವೆ ನಕ್ಷೆ, ಬೆಟ್ಟದ ಹಕ್ಕು ಎಲ್ಲ ಅವರಿಗೆ ಬೆರಳ ತುದಿಯಲ್ಲಿ ಇರುತ್ತದೆ. ಅವರನ್ನು ಬಿಡಬೇಡಿ, ಆ ಕಾಗದಗಳು ಇಲ್ಲೂ ಬೇಕಾಗುತ್ತವೆ. ಆದರೆ ಕ್ರಿಮಿನಲ್ ಕೇಸು ನಿಲ್ಲುವುದು ಬೀಳುವುದು ಪಾಟಿ ಸವಾಲಿನಲ್ಲಿ. ನಮ್ಮಲ್ಲಿ ಸಾಕ್ಷಿಯ ಉತ್ತರ ಹೇಗೆ ಬರೆಯುತ್ತಾರೆ ಗೊತ್ತಲ್ಲ? "ನಾನು ಸ್ಥಳದಲ್ಲಿ ಇರಲಿಲ್ಲ ಎಂದರೆ ಸುಳ್ಳು. ಆರೋಪಿ ಕತ್ತಿ ಹಿಡಿದಿರಲಿಲ್ಲ ಎಂದರೆ ಸುಳ್ಳು. ದ್ವೇಷದಿಂದ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸುಳ್ಳು." ಪುಟಗಟ್ಟಲೆ ಇದೇ. ವಕೀಲರು ಗಂಟಲು ಹರಿದುಕೊಂಡಿರುತ್ತಾರೆ, ಕಕ್ಷಿದಾರ ಹಿಂದೆ ನಿಂತು ನಮ್ಮ ವಕೀಲರು ಬಿಡಲಿಲ್ಲ ನೋಡು ಅಂತ ಖುಷಿಪಡುತ್ತಿರುತ್ತಾನೆ, ಕಾಗದದಲ್ಲಿ ಮಾತ್ರ ಏನೂ ಬಂದಿರುವುದಿಲ್ಲ. ಇನ್ನೊಬ್ಬರು ಮೆಲ್ಲಗೆ ನಾಲ್ಕು ಪ್ರಶ್ನೆ ಕೇಳಿ ಕೂರುತ್ತಾರೆ. "ಅಗಳದಿಂದ ನನ್ನ ಮನೆಯ ಜಗಲಿ ಕಾಣುವುದಿಲ್ಲ ಎಂದರೆ ಸರಿ. ನಾನು ಕೂಗು ಕೇಳಿ ಹೊರಗೆ ಬಂದೆ ಎಂದರೆ ಸರಿ. ಆಗ ಗಾಯಾಳು ಕೆಳಗೆ ಬಿದ್ದಿದ್ದನು ಎಂದರೆ ಸರಿ." ಮುಗಿಯಿತು. ಐದನೇ ಪ್ರಶ್ನೆಯಾಗಿ "ಹಾಗಾದರೆ ನೀನು ಹೊಡೆದದ್ದು ನೋಡೇ ಇಲ್ಲ ಅಲ್ವಾ?" ಅಂತ ಕೇಳಿದರೆ ಸಾಕ್ಷಿ ಎಚ್ಚೆತ್ತು ಒಂದು ಹೊಸ ಕಥೆ ಕಟ್ಟಿ ಇದ್ದ ತೂತನ್ನೆಲ್ಲ ತಾನೇ ಮುಚ್ಚಿಕೊಡುತ್ತಾನೆ. ಕೇಳದೆ ಬಿಡುವುದು ಅನುಭವದಿಂದಲೇ ಬರುವುದು.

ಇನ್ನೊಂದು ಇದೆ, ಸ್ವಲ್ಪ ತಾಂತ್ರಿಕ. ಸಾಕ್ಷಿ ಪೊಲೀಸರ ಮುಂದೆ ಒಂದು ಹೇಳಿ ಕೋರ್ಟಿನಲ್ಲಿ ಇನ್ನೊಂದು ಹೇಳಿದರೆ, ಸುಮ್ನೆ "ನೀನು ಆಗ ಹಾಗೆ ಹೇಳಿದ್ದೆ" ಅಂತ ಜೋರು ಮಾಡಿದರೆ ಆಗುವುದಿಲ್ಲ. ಆ ಸಾಲನ್ನೇ ಸಾಕ್ಷಿಗೆ ತೋರಿಸಬೇಕು, ಅದಕ್ಕೆ ಡಿ-1 (ಆರೋಪಿ ಕಡೆಯ ಮೊದಲ ದಾಖಲೆ) ಅಂತ ಗುರುತು ಹಾಕಿಸಬೇಕು, ಆಮೇಲೆ ತನಿಖಾಧಿಕಾರಿ ಸಾಕ್ಷಿಗೆ ಬಂದ ದಿನ ಮರೆಯದೆ ಅವರ ಬಾಯಿಂದಲೂ "ಸಾಕ್ಷಿ ನನ್ನ ಮುಂದೆ ಹಾಗೆ ಹೇಳಿದ್ದನು" ಅಂತ ಹೇಳಿಸಬೇಕು. ಈ ಕೊನೆಯ ಹೆಜ್ಜೆ ಬಿಟ್ಟುಹೋದ ಕೇಸುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ವಾದದ ದಿನ ವಕೀಲರು ಅದೇ ಸಾಲನ್ನು ಓದುತ್ತಾರೆ, ಅದು ಸಾಬೀತೇ ಆಗಿಲ್ಲ ಅಂತ ಎಪಿಪಿ (ಸರ್ಕಾರಿ ವಕೀಲರು) ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಮತ್ತೆ ನಾಲಿಗೆ. ಆರೋಪಿಯ ವಕೀಲರು ಸಾಕ್ಷಿಗೆ "ನಮ್ಮ ಕಕ್ಷಿದಾರ ಆತ್ಮರಕ್ಷಣೆಗೆ ನಿನ್ನನ್ನು ತಳ್ಳಿದ ಅಷ್ಟೇ ಅಲ್ವಾ" ಅಂದರೆ, ಕಕ್ಷಿದಾರ ಅಲ್ಲಿದ್ದ ಅಂತಲೂ ತಳ್ಳಿದ ಅಂತಲೂ ಅವರೇ ಒಪ್ಪಿಕೊಂಡ ಹಾಗೆ ಆಗುತ್ತದೆ. ಪಾಟಿ ಸವಾಲಿನಲ್ಲಿ ವಕೀಲರು ಹಾಕುವ ಇಂಥ ಸೂಚನೆಗಳನ್ನು ಬೇರೆ ಸಾಕ್ಷ್ಯದ ಜೊತೆ ಸೇರಿಸಿ ಆರೋಪಿಯ ವಿರುದ್ಧವೂ ಬಳಸಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಕಡೆಯ ವಾದ ಏನು, ಹುಡುಗ ತಾನಾಗಿ ಬಿದ್ದ ಅಂತಲೋ, ನೂಕಾಟದಲ್ಲಿ ಬಿದ್ದ ಅಂತಲೋ, ಅದನ್ನು ಮೊದಲ ಸಾಕ್ಷಿ ಬರುವುದಕ್ಕೂ ಮುಂಚೆ ತೀರ್ಮಾನ ಮಾಡಿಕೊಂಡಿರಬೇಕು.

ಗಂಗಾವಳಿ ದಡ:

ಶಿರಸ್ತೇದಾರರು ಹೇಳಿದ್ದು ಎಲ್ಲ ಸರಿ. ಆದರೆ ನಾಲ್ಕು ಪ್ರಶ್ನೆ ಕೇಳಿ ಕೂರುವವರು ಕೇಳುವ ಫೀಸು ಎಷ್ಟು ಅಂತಲೂ ಹೇಳಿ. ತಪ್ಪು ಒಪ್ಪಿಕೊಂಡ ಮೇಲೆ ನನ್ನದು ಒಂದೇ ದಿನಕ್ಕೆ ಮುಗಿಯಿತಲ್ಲ.

ಕೋಡಿಬಾಗ (ಕಾರವಾರ):

ಗಂಗಾವಳಿಯವರೇ, ನಿಮಗೆ ಸ್ವಂತ ಲಾರಿ ಇರಬಹುದು, ಯಾರೂ ನಿಮ್ಮ ಕಾಗದ ಕೇಳುವುದಿಲ್ಲ. ನಮ್ಮ ಕಡೆ ಹುಡುಗರು ಅರ್ಧಕ್ಕರ್ಧ ನೌಕಾನೆಲೆ, ಕೈಗಾ, ಇಲ್ಲದಿದ್ದರೆ ಗೋವಾ ಅಂತ ದುಡಿಯುವವರು. ಗೇಟ್ ಪಾಸಿಗೆ ಪೊಲೀಸ್ ವೆರಿಫಿಕೇಶನ್ ಬೇಕು. ದಂಡ ಕಟ್ಟಿ ಮುಗಿಸಿದೆ ಅಂದರೆ ಶಿಕ್ಷೆ ಆಯಿತು ಅಂತಲೇ ಲೆಕ್ಕ, ಐನೂರು ರೂಪಾಯಿ ಆದರೂ ಅಷ್ಟೇ. ಕೇಸು ನಡೆಯುತ್ತಾ ಇದ್ದರೆ "ಆರೋಪ ಇದೆ, ತೀರ್ಪು ಆಗಿಲ್ಲ" ಅಂತ ಹೇಳಿಕೊಳ್ಳಬಹುದು. ತಪ್ಪೊಪ್ಪಿಗೆ ಆದ ಮೇಲೆ ಹೇಳಲು ಏನು ಉಳಿಯಿತು? ನಮ್ಮ ಪಕ್ಕದ ಮನೆಯವನು ಹೀಗೇ ಮುಗಿಸಿ ಬಂದವನು ಈಗ ಬೇಲೇಕೇರಿಯಲ್ಲಿ ಮೀನು ಲೋಡ್ ಮಾಡುತ್ತಾನೆ, ಮೊದಲು ವೆಲ್ಡರ್ ಆಗಿದ್ದ. ಪಾಸ್‌ಪೋರ್ಟಿಗೂ ಇದೇ ಕಥೆ, ಕೇಸು ಬಾಕಿ ಇದ್ದರೆ ಕೋರ್ಟಿನ ಅನುಮತಿ ತರಬೇಕು, ಅದಕ್ಕೂ ಅರ್ಜಿ ಹಾಕುವುದು ವಕೀಲರೇ.

ಬೆಲೇಹಾದಿ (ಗೋಕರ್ಣ):

ಬೇಲಿ ಜಗಳದವರಿಗೆ ವಕೀಲರು ಬೇಕು, ಒಪ್ಪಿದೆ. ನಮ್ಮಲ್ಲಿ ಬೀಚ್ ಕಡೆ ಗಾಂಜಾ ಹಿಡಿದುಕೊಂಡೇ ಸಿಕ್ಕಿಬೀಳುತ್ತಾರಲ್ಲ, ಅವರಿಗೂ ಪಳಗಿದ ವಕೀಲರೇ ಬೇಕಾ? ಕೈಯಲ್ಲೇ ಮಾಲು ಇದೆ. ಇದನ್ನು ಜಗಳಕ್ಕೆ ಕೇಳುತ್ತಿಲ್ಲ, ಊರು ಹಾಳಾಗುವುದನ್ನು ನೋಡಿ ಹೊಟ್ಟೆ ಉರಿದು ಕೇಳುತ್ತಿದ್ದೇನೆ.

ಕುಮಟಾ ವಕೀಲೆ:

ನಿಮ್ಮ ಹೊಟ್ಟೆಯುರಿ ಅರ್ಥ ಆಗುತ್ತದೆ. ಆದರೆ ಅಂಥ ಕೇಸಿನಲ್ಲೇ ಜಾಸ್ತಿ ಬೇಕು. ಗಾಂಜಾ 1 ಕಿಲೋವರೆಗೆ ಇದ್ದರೆ ಶಿಕ್ಷೆ 1 ವರ್ಷದವರೆಗೆ. 20 ಕಿಲೋ ಮೇಲೆ ಹೋದರೆ ಕನಿಷ್ಠ 10 ವರ್ಷ, ಜಾಮೀನು ಸಿಗುವುದೂ ಬಹಳ ಕಷ್ಟ. ನಡುವಿನದಕ್ಕೆ 10 ವರ್ಷದವರೆಗೆ. ಅಂದರೆ ತಕ್ಕಡಿಯ ಮುಳ್ಳು ಒಬ್ಬನ ಯೌವನವನ್ನು ತೀರ್ಮಾನ ಮಾಡುತ್ತದೆ. ಕಾನೂನಿನ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬೀಜ, ಎಲೆ ಲೆಕ್ಕಕ್ಕಿಲ್ಲ. ಚೀಲದ ಸಮೇತ ತೂಗಿದರಾ, ಮೈ ತಪಾಸಣೆಗೆ ಮುಂಚೆ "ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಮಾಡಿಸಿಕೊಳ್ಳುವ ಹಕ್ಕು ನಿನಗಿದೆ" ಅಂತ ಹೇಳಿದರಾ, ಮಾದರಿಯನ್ನು ಮ್ಯಾಜಿಸ್ಟ್ರೇಟ್ ಮುಂದೆ ತೆಗೆದರಾ, ಇದನ್ನೆಲ್ಲ ಕೇಳುವವರು ಇಲ್ಲದಿದ್ದರೆ ಹೆಚ್ಚು ಮಾರಿದವನೂ ಒಮ್ಮೆ ಸೇದಿದವನೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಮಾರಿದವನು ಹೇಗೂ ಬೆಂಗಳೂರಿನಿಂದ ವಕೀಲರನ್ನು ಕರೆಸಿಕೊಳ್ಳುತ್ತಾನೆ ಬಿಡಿ.

ಯಾರೋ ಒಬ್ಬ ವಕೀಲರು ಇದ್ದರೆ ಸಾಕು ಅಂತಲೂ ಅಲ್ಲ. ಮಧ್ಯಪ್ರದೇಶದ ಒಂದು ಮರಣದಂಡನೆ ಕೇಸಿನಲ್ಲಿ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಟ್ಟ ದಿನವೇ ಆರೋಪ ನಿಗದಿ ಮಾಡಿದ್ದರು. ಕಾಗದ ಓದಲೂ ಸಮಯ ಇರಲಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನೇ ರದ್ದು ಮಾಡಿ ಹೊಸದಾಗಿ ವಿಚಾರಣೆ ಮಾಡಿ ಅಂತ ಕಳಿಸಿತು. ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಕೇಸಿಗೆ ಕೋರ್ಟು ನೇಮಿಸುವ ವಕೀಲರಿಗೆ ಕನಿಷ್ಠ 10 ವರ್ಷದ ಅನುಭವ ಇರಬೇಕು, ತಯಾರಿಗೆ ಸಾಮಾನ್ಯವಾಗಿ 7 ದಿನವಾದರೂ ಕೊಡಬೇಕು ಅಂತಲೂ ಹೇಳಿತು.

ಬೆಟ್ಟದಂಚು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಘಟನೆ ಬಗ್ಗೆ ಇನ್ನು ಬರೆಯುವುದಿಲ್ಲ. ದೊಡ್ಡಪ್ಪನಿಗೆ "ಎಂದರೆ ಸುಳ್ಳು" ಭಾಗ ಓದಿ ಹೇಳಿದೆ, ಅವರು ಹಿಂದೊಮ್ಮೆ ಸಾಕ್ಷಿಗೆ ಹೋದವರು, ನಕ್ಕು ಸುಮ್ಮನಾದರು. ತಮ್ಮನನ್ನು ಆಸ್ಪತ್ರೆಗೆ ತೋರಿಸಿ ಚೀಟಿ ಮಾಡಿಸಿದ್ದೇವೆ. ಇನ್ನೆರಡು ಪ್ರಶ್ನೆ. ಧಾರವಾಡದವರು ಬೇಕಾ, ಶಿರಸಿಯವರೇ ಸಾಕಾ? ಅಪ್ಪಯ್ಯನಿಗೆ ಈ ವರ್ಷ ಕೊಳೆ ರೋಗದಲ್ಲಿ ಅರ್ಧ ಫಸಲು ಹೋಗಿದೆ, ಫೀಸು ಹೊಂದಿಸುವುದೂ ಕಷ್ಟವೇ.

ಹಳೇ ಶಿರಸ್ತೇದಾರ:

ಧಾರವಾಡ ಈಗ ಬೇಡ. ಹೈಕೋರ್ಟ್ ಪೀಠದ ಕೆಲಸ ಬಂದಾಗ ನೋಡಿ, ಅಂದರೆ ಎಫ್‌ಐಆರ್ ರದ್ದು ಕೋರಿ ಹೋಗುವುದು, ರಾಜಿಯಾದರೂ ಕೆಳಗಿನ ಕೋರ್ಟಿನಲ್ಲಿ ಮುಗಿಸಲು ಬಾರದ ಸೆಕ್ಷನ್ ಇದ್ದಾಗ ಅಲ್ಲಿ ಮುಗಿಸುವುದು. ದಿನಾ ನಿಮ್ಮ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಾಕ್ಷಿ ನಡೆಸುವವರು ಬೇಕು. ಆಯ್ಕೆಗೆ ಮುಂಚೆ ಒಂದು ಬೆಳಿಗ್ಗೆ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಯಾರೂ ಬೇಡ ಅನ್ನುವುದಿಲ್ಲ. ಪಾಟಿ ಸವಾಲಿಗೆ ಎದ್ದವರು ಕಡತ ಓದಿಕೊಂಡು ಬಂದಿದ್ದಾರಾ ಅಂತ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಜಾಮೀನು ಗ್ಯಾರಂಟಿ, ಕೇಸು ಖುಲಾಸೆ ಗ್ಯಾರಂಟಿ ಅನ್ನುವವರಿಂದ ದೂರ ಇರಿ. ವಕೀಲರು ಜಾಹೀರಾತು ಮಾಡುವುದನ್ನೇ ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ.

ಕುಮಟಾ ವಕೀಲೆ:

ಫೀಸಿನ ಬಗ್ಗೆ. ಮೊದಲೇ ಮಾತಾಡಿ, ಹಂತ ಹಂತವಾಗಿ ಕೊಡುತ್ತೇವೆ ಅನ್ನಿ, ರಸೀದಿ ಕೇಳಿ. ಅದೂ ಆಗದಿದ್ದರೆ ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಜಿಲ್ಲಾ ಪ್ರಾಧಿಕಾರ ಕಾರವಾರದಲ್ಲಿ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಕಸ್ಟಡಿಯಲ್ಲಿ ಇರುವವರು, ಇವರಿಗೆ ಆದಾಯ ನೋಡದೆ ಉಚಿತ. ಉಳಿದವರಿಗೆ ಆದಾಯದ ಮಿತಿ ಇದೆ, ಅಲ್ಲೇ ವಿಚಾರಿಸಿ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಉಚಿತ ಅಂದರೆ ಕಳಪೆ ಅಂತ ಮೂಗು ಮುರಿಯಬೇಡಿ. 2022ರಿಂದ ಬಂದ ಹೊಸ ವ್ಯವಸ್ಥೆಯಲ್ಲಿ ಕ್ರಿಮಿನಲ್ ಕೇಸಿಗೆಂದೇ ಪೂರ್ಣಾವಧಿ ವಕೀಲರನ್ನು ಇಟ್ಟಿದ್ದಾರೆ, ಅವರು ಖಾಸಗಿ ಕೇಸು ಹಿಡಿಯುವಂತಿಲ್ಲ.

ಎಕ್ಸ್‌ರೇಯಲ್ಲಿ ಮೂಳೆ ಮುರಿದಿದೆ ಅಂತ ಸುದ್ದಿ ಬಂದರೆ 118(2) ಸೇರಿಸುವವರೆಗೆ ಕಾಯಬೇಡಿ. ಶಿರಸಿಯಲ್ಲೇ ಕೂರುವ ಜಿಲ್ಲಾ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನಿಗೆ (ಬಂಧನಕ್ಕೆ ಮುಂಚೆಯೇ ಕೇಳುವ ಜಾಮೀನು) ಹಾಕಿಸಿ. ಚಾರ್ಜ್‌ಶೀಟ್ ಬಂದ ಮೇಲೆ ಅದರ ಪ್ರತಿ ನಿಮಗೆ ಪುಕ್ಕಟೆ ಕೊಡಬೇಕು. ಅದರಲ್ಲಿ ಹುರುಳಿಲ್ಲ, ಕೈಬಿಡಿ ಅಂತ ಅರ್ಜಿ ಹಾಕಲು ಈಗ 60 ದಿನದ ಗಡುವು ಇದೆ. ಹಳೇ ಅಭ್ಯಾಸದಲ್ಲಿ ಇದನ್ನು ಮರೆಯುವವರಿದ್ದಾರೆ, ನೀವೇ ನೆನಪಿಸಿ. ಎದುರಿನ ಮನೆಯವರ ಹತ್ತಿರ ರಾಜಿ ಮಾತಾಡಲು ತಮ್ಮನನ್ನು ಕಳಿಸಬೇಡಿ, ಸಾಕ್ಷಿಯನ್ನು ಹೆದರಿಸಿದ ಅಂತ ಜಾಮೀನಿಗೇ ಕುತ್ತು ಬರುತ್ತದೆ. ಊರಿನ ಹಿರಿಯರೋ ವಕೀಲರೋ ಮಾತಾಡಲಿ.

ಕೋಡಿಬಾಗ:

ಜಾಮೀನಿಗೆ ನಿಲ್ಲುವವರನ್ನೂ ಈಗಲೇ ನೋಡಿಟ್ಟುಕೊಳ್ಳಿ. ಹೊಸದಾಗಿ ತೆಗೆಸಿದ ಪಹಣಿ, ಆಧಾರ್, ಫೋಟೋ ತಯಾರಿರಲಿ. ಪಹಣಿ ಜಂಟಿ ಹೆಸರಲ್ಲಿದ್ದರೆ ತಕರಾರು ಬರಬಹುದು, ಅದನ್ನು ವಕೀಲರಿಗೆ ಮೊದಲೇ ತೋರಿಸಿ. ಕೇಸಿಗೆ ಸಿಎನ್‌ಆರ್ ನಂಬರ್ (ಕೋರ್ಟು ಕೊಡುವ ಗುರುತಿನ ಸಂಖ್ಯೆ) ಸಿಕ್ಕಿದ ಮೇಲೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿಕೊಂಡರೆ ಮುಂದಿನ ತಾರೀಖು ಮೊಬೈಲಿನಲ್ಲೇ ಕಾಣುತ್ತದೆ.